ಹುಳ ಹೋದ ದಾರಿ

ಆಗುವುದಿಲ್ಲ ಎಂದು ಮೊದಲು ಹೇಳಿದವನು ನಮ್ಮ ಸೋದರಮಾವ. ಚಿಂಚೋಳಿ ಕಾಡಿನ ಅಂಚಿನ ಊರಲ್ಲಿ ತೊಗರಿ ಬೆಳೆಯುವವನು. ನಾನು ಎಂ.ಎಸ್ಸಿ.ಗೆ ಸೇರಿದ ಸುದ್ದಿ ಕೇಳಿ ಫೋನಿನಲ್ಲೇ ನಕ್ಕ. "ಏ ಅಕ್ಕಾ, ನಮ್ಮ ಮಂದ್ಯಾಗ ಯಾರ್ ಇಷ್ಟ ಓದ್ಯಾರ? ಬಿ.ಎಸ್ಸಿ. ಆಗಿದ್ದೇ ಭಾಳ ಆತು. ಇದು ಮುಗಿಯೂ ಮಾತಲ್ಲ, ಬರದಿಟ್ಕೋ," ಎಂದು ನಮ್ಮವ್ವನಿಗೆ ಹೇಳಿದ. ಅವ್ವನಿಗೆ ಬರೆಯಲು ಬರುವುದಿಲ್ಲ. ನನಗೆ ಬರುತ್ತದೆ. ಈಗ ಬರೆಯುತ್ತಿದ್ದೇನೆ.

ಎರಡನೆಯವರು ಭೂವಿಜ್ಞಾನ ವಿಭಾಗದಲ್ಲಿ ನನ್ನ ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದ ಸರ್. ಅವರು ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ, "ಇದು ನಮ್ಮ ಲ್ಯಾಬಿನಾಗ ಆಗಂಗಿಲ್ಲವ್ವಾ," ಎಂದರು. ಇಬ್ಬರೂ ಕೆಟ್ಟವರಲ್ಲ. ಆದರೆ ಹೇಳಿದ್ದು ಹೇಳಿದ್ದೇ.

ನಮ್ಮ ಮನೆ ಶಹಾಬಾದಿನಲ್ಲಿ. ಅಪ್ಪ ರಾವೂರಿನ ಕಡೆಯ ಖಣಿಗಳಲ್ಲಿ ಕಲ್ಲು ಎಬ್ಬಿಸುತ್ತಿದ್ದ; ಬೆನ್ನು ಹೋದ ಮೇಲೆ ಮನೆಯಲ್ಲಿದ್ದಾನೆ. ಅವ್ವ ನೆಲಕ್ಕೆ ಹಾಸುವ ಫರಶಿ ಕಲ್ಲನ್ನು ಪಾಲಿಶ್ ಮಾಡುವ ಯೂನಿಟ್ಟಿನಲ್ಲಿ ದುಡಿಯುತ್ತಾಳೆ. ಶಾಲೆಗೆ ರಜೆ ಬಂದಾಗಲೆಲ್ಲ ನಾನೂ ಅವಳ ಜೊತೆ ಹೋಗುತ್ತಿದ್ದೆ. ಯಂತ್ರದ ಚಕ್ರ ಕಲ್ಲಿನ ಮೇಲೆ ತಿರುಗುವಾಗ ಪೈಪಿನಿಂದ ನೀರು ಬಿಡುವುದು ನನ್ನ ಕೆಲಸ. ಒಂದು ಗಳಿಗೆ ನೀರು ತಪ್ಪಿದರೂ ಅವ್ವ ಕೂಗುತ್ತಿದ್ದಳು: "ನೀರ್ ಬಿಡಲೇ, ಕಲ್ಲು ಸುಡ್ತದ!" ನಮ್ಮ ಓಣಿಯಲ್ಲಿ ಎಲ್ಲರ ಕಾಲಿನ ಬೆರಳ ಸಂದಿಯಲ್ಲಿ ಆ ಬಿಳಿ ಕೆಸರು ಇರುತ್ತದೆ. ತೊಳೆದರೆ ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ.

ಬಿ.ಎಸ್ಸಿ. ಓದಿದ್ದು ಸೇಡಂನಲ್ಲಿ. ಶಹಾಬಾದಿನಿಂದ ಹತ್ತಿ ವಾಡಿಯಲ್ಲಿ ಇಳಿದು ಇನ್ನೊಂದು ರೈಲು ಹಿಡಿಯಬೇಕು. ಆ ರೈಲು ಚಿತ್ತಾಪುರದಲ್ಲಿ ನಿಂತು ಯಾರಿಗೋ ಕಾದಂತೆ ಕಾಯುತ್ತದೆ. ನನ್ನ ಓದಿನ ಅರ್ಧ ವಾಡಿ ಜಂಕ್ಷನ್ನಿನ ಕಲ್ಲು ಬೆಂಚಿನ ಮೇಲೆ ಆಗಿದೆ. ಹೀಗೆ ಓದಿದವಳಿಗೆ ಯಾರಾದರೂ "ಆಗಂಗಿಲ್ಲ" ಎಂದರೆ ಅದು ರೈಲು ತಡವಾಗಿದೆ ಎಂಬ ಪ್ರಕಟಣೆಯ ಹಾಗೆ ಕೇಳಿಸುತ್ತದೆ. ತಡವಾಗುತ್ತದೆ, ಬರುವುದಿಲ್ಲ ಅಂತಲ್ಲ.

ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ಪ್ರಬಂಧಕ್ಕೆ ವಿಷಯ ಆರಿಸಬೇಕಿತ್ತು. ಉಳಿದವರೆಲ್ಲ ಕಲ್ಲು ಆರಿಸಿದರು. ನಾನು ಗ್ರಂಥಾಲಯದ ಒಂದು ಹಳೆಯ ಪುಸ್ತಕದಲ್ಲಿ ಒಂದು ಚಿತ್ರ ನೋಡಿದ್ದೆ. ಕಾಡಿನ ಮಣ್ಣನ್ನು ಕಾಗದಕ್ಕಿಂತ ತೆಳ್ಳಗೆ ಸವೆಸಿ ಸೂಕ್ಷ್ಮದರ್ಶಕದಲ್ಲಿ ಇಟ್ಟಿದ್ದರು. ಅದರಲ್ಲಿ ಎರೆಹುಳ ಕೊರೆದ ದಾರಿ, ಅದು ತಿಂದು ಹಿಂದೆ ಬಿಟ್ಟ ಮಣ್ಣು, ಎಲ್ಲ ಕಾಣುತ್ತಿತ್ತು. ಮಾವನ ಊರಲ್ಲಿ ಮಳೆಯ ಮರುದಿನ ಕಾಡಿನ ಕಾಲುದಾರಿಯ ತುಂಬ ಸಣ್ಣ ಸಣ್ಣ ಮಣ್ಣಿನ ಗುಪ್ಪೆ ಬಿದ್ದಿರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬರಿಗಾಲಲ್ಲಿ ತುಳಿದರೆ ಮೆತ್ತಗಿರುತ್ತಿತ್ತು. ಅವುಗಳ ಒಳಗೆ ಏನಿದೆ ಎಂದು ಯಾರೂ ನೋಡಿರಲಿಲ್ಲ. ನಾನು ನೋಡಬೇಕು ಎನ್ನಿಸಿತು.

ಸರ್ ವಿಷಯ ಕೇಳಿ ತಲೆಯಾಡಿಸಿದರು. "ನೀ ಶಹಾಬಾದಿನಾಕಿ. ಸುಣ್ಣದಕಲ್ಲಿನ ಮ್ಯಾಲ ಮಾಡು, ಬಡಾಬಡಾ ಮುಗೀತದ. ಮಣ್ಣು ಯಾಕ ಬೇಕು ನಿನಗ?"

"ಕಲ್ಲು ಭಾಳ ನೋಡೀನ್ರಿ ಸರ್. ಮನ್ಯಾಗೂ ಅದೇ, ಇಲ್ಲೂ ಅದೇ ಏನ್ರಿ?"

"ಎರೆಹುಳದ ಗುರುತು ಅಂದ್ರ ಅದು ಮಳಿ ಹೊಡಿಯೂ ಕಾಡಿನ ಕೆಲಸ. ನಿಮ್ಮ ಚಿಂಚೋಳಿ ಕಾಡು ವರ್ಷದಾಗ ಎಂಟು ತಿಂಗಳ ಒಣಗಿ ನಿಂತಿರ್ತದ."

"ಉಳದ ನಾಕು ತಿಂಗಳ ಹುಳ ಕೈ ಕಟ್ಟಿ ಕುಂತಿರ್ತಾವೇನ್ರಿ?"

"ಹುಳಕ್ಕ ಕೈ ಇರಂಗಿಲ್ಲ," ಎಂದರು ಸರ್, ನಗದೆ. ಆಮೇಲೆ, "ಆತು. ಗುರುತು ಸಿಕ್ಕರ ನಾ ಸಹಿ ಹಾಕ್ತೀನಿ. ಸಿಗಲಿಲ್ಲಂದ್ರ ಮುಂದಿನ ವರ್ಷ ಬ್ಯಾರೆ ವಿಷಯ, ಮದಲಿಂದ. ಆವಾಗ ನನ್ನ ಮುಂದ ಬಂದು ಅಳಬಾರದು," ಎಂದರು.

ಮುಂದಿನ ವರ್ಷ ಎಂಬುದೊಂದು ನಮ್ಮ ಮನೆಯಲ್ಲಿ ಇರಲಿಲ್ಲ. ಅವ್ವ ಎರಡು ವರ್ಷಕ್ಕೆ ಒಪ್ಪಿದ್ದಳು. ಎರಡು ಎಂದರೆ ಎರಡು. ಮೂರನೆಯ ವರ್ಷ ನಾನು ಅವಳ ಪಕ್ಕದಲ್ಲಿ, ಪಾಲಿಶ್ ಯಂತ್ರದ ಮುಂದೆ ನಿಲ್ಲಬೇಕಿತ್ತು. ಅದು ಅವಳ ಹಟವಲ್ಲ, ಮನೆಯ ಲೆಕ್ಕ. ಹಾಗಾಗಿ ಸರ್ ಹಾಕುವ ಆ ಒಂದು ಸಹಿಯ ಮೇಲೆ ನನ್ನ ಎಲ್ಲವೂ ನಿಂತಿತ್ತು.

ಮಣ್ಣನ್ನು ಹಾಗೆ ಕೈಯಿಂದ ಬಾಚಿ ತಂದರೆ ಆಗುವುದಿಲ್ಲ. ಇದ್ದದ್ದು ಇದ್ದ ಹಾಗೆ, ಕದಡದೆ, ಇಟ್ಟಿಗೆಯಂತೆ ಕತ್ತರಿಸಿ ತೆಗೆಯಬೇಕು. ಅದನ್ನು ಒಣಗಿಸಿ, ರೆಸಿನ್ ಎಂಬ ಅಂಟನ್ನು ಕುಡಿಸಬೇಕು. ಅಂಟು ಒಳಗೆಲ್ಲ ಹೋಗಿ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಆಮೇಲೆ ಆ ಗಟ್ಟಿ ಮಣ್ಣನ್ನು ಕಲ್ಲಿನಂತೆ ಸೀಳಿ, ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಸವೆಸಬೇಕು. ಇದಕ್ಕೇ ನಮ್ಮಲ್ಲಿ ಸೆಕ್ಷನ್ ಮಾಡುವುದು ಎನ್ನುತ್ತಾರೆ.

ದೀಪಾವಳಿಯ ನಂತರ ಅರಣ್ಯ ಇಲಾಖೆಯ ಒಪ್ಪಿಗೆ ಪತ್ರ ಹಿಡಿದು ಕಾಡಿಗೆ ಹೋದೆ. ಅಲ್ಲಿನ ಗಾರ್ಡ್ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಟಗಿ ಕದಿಯೋರನ್ನ ಹಿಡದೀನಿ, ಮೊಲ ಹೊಡಿಯೋರನ್ನ ಹಿಡದೀನಿ. ಪರ್ಮಿಶನ್ ತಗೊಂಡು ಮಣ್ಣು ಒಯ್ಯೋರನ್ನ ಇವತ್ತೇ ನೋಡ್ಲಿಕತ್ತೀನಿ," ಎಂದ. ಗುಡ್ಡದ ಬುಡದಲ್ಲಿ ಒಂದು ಜಾಗ ನನಗೆ ಗೊತ್ತಿತ್ತು. ಮೇಲಿಂದ ಹರಿದುಬಂದ ಕೆಂಪು ಮಣ್ಣಿನ ಪದರ, ಅದರ ಕೆಳಗೆ ಕರಿಮಣ್ಣು. ಎಣ್ಣೆ ಡಬ್ಬಿ ಕತ್ತರಿಸಿ ಮಾಡಿದ ತಗಡಿನ ಪೆಟ್ಟಿಗೆಯಲ್ಲಿ ಆ ಎರಡೂ ಪದರ ಸೇರುವಲ್ಲಿನ ಮಣ್ಣನ್ನು ತೆಗೆದು ತಂದೆ. ರೆಸಿನ್ ಕುಡಿಸಿದೆ. ಶಿವರಾತ್ರಿ ಹೊತ್ತಿಗೆ ಗಟ್ಟಿಯಾಯಿತು. ಕೈಯಿಂದ ತಟ್ಟಿದರೆ ಟಕ್ ಟಕ್ ಎಂದು ಫರಶಿಯ ಹಾಗೇ ಸದ್ದು.

ಅಲ್ಲೇ ನನ್ನ ಕೈ ಮೋಸ ಹೋಯಿತು.

ಅಂದು ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ಗರಗಸದ ಚಕ್ರ ಶುರು ಮಾಡಿದ ತಕ್ಷಣ ನನ್ನ ಎಡಗೈ ತಾನಾಗಿ ಹೋಗಿ ನಲ್ಲಿ ತಿರುಗಿಸಿತು. ತಿರುಗುವ ಚಕ್ರ ಕಂಡರೆ ನೀರು ಬಿಡುವುದು ಶಹಾಬಾದಿನ ಕೈ; ಅದು ನನ್ನನ್ನು ಕೇಳಲಿಲ್ಲ. ಪುಸ್ತಕದಲ್ಲಿ ಓದಿದ್ದೆ, ಮಣ್ಣನ್ನು ಎಣ್ಣೆಯಲ್ಲಿ ಕೊಯ್ಯಬೇಕು, ನೀರು ತಾಗಿಸಬಾರದು ಎಂದು. ಓದಿದ್ದು ತಲೆಯಲ್ಲಿತ್ತು. ಕೈಗೆ ಅದು ಇನ್ನೂ ಮುಟ್ಟಿರಲಿಲ್ಲ. ಸೀಳಿದೆ, ಸವೆಸಿದೆ, ಅದೂ ಧಾರಾಳ ನೀರಿನಲ್ಲಿ. ಇಡೀ ಗಟ್ಟಿಯನ್ನು ಪಟ್ಟಿ ಪಟ್ಟಿಯಾಗಿ ಮುಗಿಸಿ, ಎಷ್ಟು ಚಂದ ಬಂತು ಎಂದು ಖುಷಿಯಾಗಿ ಹಾಸ್ಟೆಲ್ಲಿಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಕರಿಮಣ್ಣು ತನ್ನ ಬುದ್ಧಿ ತೋರಿಸಿತ್ತು. ಅಂಟು ಸರಿಯಾಗಿ ಇಳಿಯದ ಕಡೆಗಳಲ್ಲೆಲ್ಲ ನೀರು ಕುಡಿದು ಉಬ್ಬಿ, ಒಣಗಿ ಬಿರಿದು, ಗಾಜಿನಿಂದ ಹಕ್ಕಳೆ ಎದ್ದಿತ್ತು. ಒಂದು ಪಟ್ಟಿಯೂ ಉಳಿದಿರಲಿಲ್ಲ.

ಸರ್ ಬಂದು ನೋಡಿದರು. "ಇದನ್ನೇನು ಫರಶಿ ಅಂತ ತಿಳಕೊಂಡಿಯೇನು?"

"ಹೌದ್ರಿ," ಎಂದೆ. ಸುಳ್ಳು ಹೇಳಿ ಏನು ಮಾಡಲಿ?

ಅವರು ಸ್ವಲ್ಪ ಮೆತ್ತಗಾದರು. "ಈಗರ ಬಿಡು. ಸುಣ್ಣದಕಲ್ಲಿನ ಸೆಕ್ಷನ್ ನಮ್ಮ ಕಪಾಟಿನಾಗ ರಗಡ ಅವ. ಅವನ್ನ ನೋಡಿ ಬರದುಕೊಡು. ಹೆಂಗರ ಮಾಡಿ ಪಾಸ್ ಮಾಡ್ಸೋಣು."

ಆ ಮಾತಿನಲ್ಲಿ ಕರುಣೆ ಇತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ. ಹೆಂಗರ ಮಾಡಿ ಪಾಸ್ ಆಗಲು ನಾನು ವಾಡಿಯ ಬೆಂಚಿನ ಮೇಲೆ ಅಷ್ಟು ವರ್ಷ ಕೂತಿರಲಿಲ್ಲ. "ಇನ್ನೊಮ್ಮೆ ಮಣ್ಣು ತರ್ತೀನ್ರಿ," ಎಂದೆ.

"ಬ್ಯಾಸಗಿ ಬಂತು. ಹುಳ ಎಲ್ಲಿರ್ತಾವ?"

"ಇರ್ಲಿಕ್ಕಿಲ್ರಿ."

"ಮತ್ತ?"

ಖಾಲಿ ತಗಡಿನ ಪೆಟ್ಟಿಗೆ ಎತ್ತಿಕೊಂಡು ಹೋಗಿಬಿಟ್ಟೆ.

ಹೋಳಿ ಮುಗಿದಿತ್ತು. ಕಾಡಿನ ಎಲೆಯೆಲ್ಲ ಉದುರಿ, ನಡೆದರೆ ಹಪ್ಪಳ ಮುರಿದ ಸದ್ದು. ಈ ಸಲ ಮಾವ ತಾನೂ ಬಂದ, ಹೆಗಲ ಮೇಲೆ ದೊಡ್ಡ ಹಾರೆ. ದಾರಿಯುದ್ದಕ್ಕೂ ಒಂದೇ ರಾಗ.

"ಹುಚ್ಚು ಗಿಚ್ಚು ಹಿಡದದೇನು ನಿನಗ? ಈ ಬಿಸಲಾಗ ಎರೆಹುಳ ಹುಡುಕ್ಲಿಕತ್ತಿ. ಅವು ಪಾತಾಳಕ್ಕ ಹೋಗಿ ಮಕ್ಕೊಂಡಿರ್ತಾವ."

"ನನಗ ಹುಳ ಬ್ಯಾಡ ಮಾವ. ಹುಳ ಹೋದ ದಾರಿ ಬೇಕು."

ಮಾವ ನಿಂತುಬಿಟ್ಟ. "ಹೋದ ಮ್ಯಾಲ ದಾರಿ ಎಲ್ಲಿರ್ತದ?"

"ನೀ ದಿನಾ ಹೊಲಕ್ಕ ಹೋಗ್ತಿ. ನೀ ಮನ್ಯಾಗ ಮಕ್ಕೊಂಡಾಗ ನಿನ್ನ ಕಾಲುದಾರಿ ಎದ್ದು ಹೋಗ್ತದೇನು?"

"ಬಾಯಿ ಮಾತ್ರ ಬಲೇ ಕಲಿಸ್ಯಾರ ನೋಡು ನಿಮ್ಮ ಕಾಲೇಜಿನಾಗ," ಎಂದು ಮತ್ತೆ ನಡೆದ.

ಮೊದಲಿನ ಜಾಗದಲ್ಲೇ, ಪೆಟ್ಟಿಗೆ ಒತ್ತುವ ಕಡೆಯಿಂದ ಸ್ವಲ್ಪ ದೂರ ಬಿಟ್ಟು, ಮಾವನಿಂದ ಹಾರೆಯಲ್ಲಿ ಗುಂಡಿ ತೋಡಿಸಿದೆ. ಪಕ್ಕದ ಗೋಡೆಗೆ ಬಂದಾಗ ಹಾರೆ ಬೇಡ ಎಂದು ತಡೆದು ಚಾಕು ತೆಗೆದೆ. ಕಲ್ಲಾಗಿದ್ದ ಮಣ್ಣನ್ನು ಸುತ್ತಲೂ ಕೆರೆದು ಕೆರೆದು, ತಗಡಿನ ಪೆಟ್ಟಿಗೆಯನ್ನು ಒಂದೊಂದು ಬೆರಳಿನಷ್ಟು ಒತ್ತುತ್ತ ಬಂದೆ. ಬೆವರು ಹನಿದು ಪೆಟ್ಟಿಗೆಯ ಮೇಲೆ ಬಿದ್ದರೆ ದುಪ್ಪಟ್ಟದಿಂದ ಒರೆಸುತ್ತಿದ್ದೆ. ನೀರೆಂದರೆ ಅಷ್ಟು ಹೆದರಿಕೆ ಕೂತಿತ್ತು. ಮಾವ ಗುಂಡಿಯ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ತಂಬಾಕು ತಿಕ್ಕುತ್ತ, "ಹಸಿ ಕೂಸಿಗೂ ಯಾರೂ ಇಷ್ಟು ನಾಜೂಕ ಮಾಡಂಗಿಲ್ಲ," ಎಂದ. ಆದರೆ ಎದ್ದು ಹೋಗಲಿಲ್ಲ. ಬಿಸಿಲು ನನ್ನ ಕಡೆ ತಿರುಗಿದಾಗ ಟವೆಲ್ ಬಿಡಿಸಿ ಗುಂಡಿಯ ಮೇಲೆ ಹಿಡಿದ. ನಾವು ಅಂದು ಒಂದು ಹುಳವನ್ನೂ ನೋಡಲಿಲ್ಲ.

ಪೆಟ್ಟಿಗೆಗೆ ಬಟ್ಟೆ ಸುತ್ತಿ, ಯಾವ ಕಡೆ ಮೇಲು ಎಂದು ಗುರುತು ಹಾಕಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕೊಡ್ಲಿ ದಾಟಿದ ಮೇಲೆ ಕಂಡಕ್ಟರ್ ಕೇಳಿದ, "ಏನವ್ವಾ ಅದು? ಮ್ಯಾಲ ಇಡು."

"ಮಣ್ಣರೀ. ಅಲುಗಾಡಬಾರದು."

ಅವನ ಮುಖ ಸಣ್ಣದಾಯಿತು. ದನಿ ತಗ್ಗಿಸಿ, "ಯಾರು ತೀರಿಕೊಂಡ್ರು?" ಎಂದ.

"ಯಾರೂ ಇಲ್ರಿ. ಓದಾಕ ಒಯ್ಯಾಕತ್ತೀನಿ."

ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಇಳಿಯುವವರೆಗೂ ತಿರುತಿರುಗಿ ನೋಡುತ್ತಿದ್ದ.

ಒಣ ಮಣ್ಣಾದ್ದರಿಂದ ಈ ಸಲ ಅಂಟು ತಳದವರೆಗೂ ಇಳಿಯಿತು. ಬೇಸಿಗೆ ನನ್ನ ವಿರುದ್ಧ ಎಂದುಕೊಂಡಿದ್ದವರು ಇದನ್ನೂ ಕೇಳಬೇಕು. ಗಟ್ಟಿಯಾದ ಮೇಲೆ ಲ್ಯಾಬಿನ ನಲ್ಲಿಗೆ ಹಳೆಯ ಬಟ್ಟೆಯ ಚೂರು ಬಿಗಿದು ಗಂಟು ಹಾಕಿದೆ, ಕೈಗೆ ನೆನಪಿರಲಿ ಎಂದು. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯ ಬಾಟಲಿಗಳನ್ನು ತಂದಿದ್ದೆ. ಆ ಎಣ್ಣೆ ಬಿಡುತ್ತ ಸೀಳಿದೆ. ಸವೆಸುವ ಕೆಲಸಕ್ಕೆ ಯಂತ್ರವನ್ನು ನಂಬಲಿಲ್ಲ. ಗಾಜಿನ ಹಲಗೆಯ ಮೇಲೆ ಅರೆಯುವ ಪುಡಿಗೆ ಎಣ್ಣೆ ಕಲಸಿ, ಪಟ್ಟಿಯನ್ನು ಮೂರು ಬೆರಳಲ್ಲಿ ಒತ್ತಿ ಸುತ್ತು ಸುತ್ತು ತಿಕ್ಕಿದೆ. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದು ಬೆರಳಿಗೆ ಗೊತ್ತಿತ್ತು. ಅದನ್ನು ನನಗೆ ಕಲಿಸಿದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ, ಮತ್ತು ಅದಕ್ಕಾಗಿ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ.

ತೆಳುವಾದದ್ದು ಸಾಕೋ ಇಲ್ಲವೋ ಎಂಬುದನ್ನು ಸೂಕ್ಷ್ಮದರ್ಶಕವೇ ಹೇಳುತ್ತದೆ. ನಮ್ಮ ಸೂಕ್ಷ್ಮದರ್ಶಕದಲ್ಲಿ ಬೆಳಕನ್ನು ಸೋಸುವ ಎರಡು ಗಾಜುಗಳಿವೆ. ಅವನ್ನು ಒಂದಕ್ಕೊಂದು ಅಡ್ಡ ಇಟ್ಟು ನೋಡಿದರೆ, ಪಟ್ಟಿ ದಪ್ಪವಿದ್ದಾಗ ಮರಳಿನ ಕಣ ಹಳದಿಯಾಗಿ ಕಾಣುತ್ತದೆ. ಸರಿಯಾದ ಅಳತೆಗೆ ಬಂದಾಗ ಬೂದು ಬಿಳಿ. ಅರೆಯುವುದು, ಒರೆಸುವುದು, ನೋಡುವುದು, ಹಳದಿ. ಮತ್ತೆ ಅರೆಯುವುದು. ಮಧ್ಯಾಹ್ನದ ಊಟ ಬಿಟ್ಟೆ. ಸಂಜೆಯ ಹೊತ್ತಿಗೆ ಹಳದಿ ಮಾಸಿ ಕಣಗಳು ಬೆಳ್ಳಗಾದವು.

ಆಮೇಲೆ ಪಟ್ಟಿಯನ್ನು ಮೆಲ್ಲಗೆ ಸರಿಸುತ್ತ ಹೋದೆ. ಮೊದಲು ಬರೀ ಕರಿಮಣ್ಣು, ಒತ್ತಾಗಿ, ಒಂದೇ ಸಮ. ಅಲ್ಲಲ್ಲಿ ಬೇರಿನ ತೂತು, ಒಳಗೆ ಬೇರಿನ ಸಿಪ್ಪೆ. ಇನ್ನೂ ಸರಿಸಿದೆ. ಕರಿಯ ನಡುವೆ ಒಂದು ಕೆಂಪು ಅಂಚು ಬಂತು. ಆ ಅಂಚಿನ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಉಳ್ಳಾಗಡ್ಡಿ ಸೀಳಿದಾಗ ಕಾಣುವ ಪದರಗಳ ಹಾಗೆ, ಬಾಗಿದ ಕೆಂಪು ಗೆರೆಗಳು ಒಂದರ ಬೆನ್ನಿಗೊಂದು ಒರಗಿ ನಿಂತಿದ್ದವು. ಮೇಲಿನ ಪದರದ ಕೆಂಪು ಮಣ್ಣನ್ನು ನುಂಗಿ, ಕರಿಮಣ್ಣಿನ ಆಳಕ್ಕೆ ಇಳಿದು, ತನ್ನ ಹಿಂದೆ ಒಂದೊಂದೇ ತುತ್ತು ಬಿಟ್ಟು, ಒತ್ತಿ, ಮುಂದೆ ಹೋಗಿತ್ತು ಆ ಹುಳ. ಆ ಕೆಂಪಿನೊಳಗೆ ಎಲೆಯ ಚೂರುಗಳು, ಅರೆದು ನುಣ್ಣಗಾದವು. ಪಕ್ಕದಲ್ಲಿ ದುಂಡು ದುಂಡಾದ ಹಿಕ್ಕೆಗಳ ಗೊಂಚಲು. ಯಾವ ಮಳೆಗಾಲದ್ದೋ ಏನೋ. ಮಳೆ ಸುರಿದ ಆ ನಾಲ್ಕು ತಿಂಗಳಲ್ಲಿ ಅದು ಮಾಡಿದ ಕೆಲಸ ಒಣ ಮಣ್ಣಿನಲ್ಲಿ ಹಾಗೇ ಇತ್ತು.

ಕಣ್ಣು ತೆಗೆದು ಕಿಟಕಿಯ ಹೊರಗೆ ನೋಡಿದೆ, ಮತ್ತೆ ಇಣುಕಿದೆ. ಅಲ್ಲೇ ಇತ್ತು.

ಮರುದಿನ ಸರ್ ಬಂದು ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದು, ನಲ್ಲಿಗೆ ಕಟ್ಟಿದ್ದ ಬಟ್ಟೆಯ ಗಂಟನ್ನು ನೋಡಿ, "ಪೆನ್ ಕೊಡು," ಎಂದರು. ಪ್ರಬಂಧ ಬರೆದು ಮುಗಿಯುವ ಮುನ್ನವೇ ಮೊದಲ ಪುಟಕ್ಕೆ ಸಹಿ ಹಾಕಿಟ್ಟರು. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹೊರಗಿನಿಂದ ಬರುವ ಪರೀಕ್ಷಕರು ಒಪ್ಪಬೇಕು.

ಆ ಪರೀಕ್ಷಕರು ಇಸ್ತ್ರಿ ಮಾಡಿದ ಬಿಳಿ ಅಂಗಿಯವರು, ದೂರದ ಊರಿನವರು. ಪುಟ ಮಗುಚುತ್ತ, "ಮಣ್ಣು ತೆಗೆದದ್ದು ಬೇಸಿಗೆಯಲ್ಲಿ. ಹುಳ ಒಂದೂ ಸಿಗಲಿಲ್ಲ ಅಂತ ನೀವೇ ಬರೆದಿದ್ದೀರಿ. ಹುಳವೇ ಇಲ್ಲದೆ ಹುಳದ ಗುರುತು ಹೇಗಮ್ಮ?" ಎಂದರು. ಪಕ್ಕದಲ್ಲಿ ಕೂತಿದ್ದ ವಿಭಾಗದ ಇನ್ನೊಬ್ಬ ಮೇಷ್ಟ್ರು ನಕ್ಕರು.

"ಹುಳ ಸಿಗಲಿಲ್ಲ ಅಂತ ಬರೆದದ್ದು ಖರೇ ಅದರಿ ಸರ್. ಅದಕ್ಕೇ ಗುರುತು ಹುಡುಕಿದ್ದು."

"ಕರಿಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಕೆಂಪು ಮಣ್ಣು ಬಿರುಕಿನಲ್ಲಿ ಉದುರಿರಬಹುದಲ್ಲ? ಇಲ್ಲವೇ ಬೇರಿನ ತೂತು?"

ಒಳ್ಳೆಯ ಪ್ರಶ್ನೆ. ಆ ಪ್ರಶ್ನೆಯನ್ನು ನಾನೇ ನನಗೆ ಎಷ್ಟೋ ಸಲ ಕೇಳಿಕೊಂಡಿದ್ದೆ. ಎದ್ದು ಹೋಗಿ ಸೂಕ್ಷ್ಮದರ್ಶಕದಲ್ಲಿ ಪಟ್ಟಿ ಇಟ್ಟೆ. "ಬರ್ರಿ ಸರ್, ನೋಡ್ರಿ. ಇದು ಬಿರುಕು. ಉದುರಿದ್ದು ಸುರುವಿದಂಗ ಸಡಿಲ ಬಿದ್ದದ. ಈ ಕಡೀದು ಬೇರಿಂದು, ಸಿಪ್ಪಿ ಇನ್ನಾ ಅದ. ಇವೆರಡನ್ನೂ ನಾ ಲೆಕ್ಕಕ್ಕ ಹಿಡದಿಲ್ಲ. ಈಗ ಇದನ್ನ ನೋಡ್ರಿ. ಒತ್ತಿ ಒತ್ತಿ ಇಟ್ಟದ, ಬಾಗಿಸಿ ಬಾಗಿಸಿ. ಬೇರು ಮಣ್ಣು ನುಂಗಂಗಿಲ್ಲ, ಉಗುಳಂಗಿಲ್ಲ ಸರ್. ಬಿರುಕಿಗೆ ಹೊಟ್ಟಿ ಇಲ್ಲ."

ಮಾತು ಮುಗಿದ ಮೇಲೆ ನೆನಪಾಯಿತು, ಪುಸ್ತಕದ ಕನ್ನಡದಲ್ಲಿ ಹೇಳಬೇಕಿತ್ತು ಎಂದು. ತಿದ್ದಿಕೊಳ್ಳಲಿಲ್ಲ. ಹುಳ ನಮ್ಮ ಕಡೆಯದು, ಮಾತೂ ನಮ್ಮ ಕಡೆಯದಿರಲಿ.

ಪರೀಕ್ಷಕರು ಪಟ್ಟಿಯನ್ನು ತಾವೇ ಸರಿಸಿ ಸರಿಸಿ ನೋಡಿದರು. ಕಣ್ಣು ತೆಗೆಯದೆಯೇ, "ಈ ಸೆಕ್ಷನ್ ಯಾರು ಮಾಡಿಕೊಟ್ಟರು?" ಎಂದು ಕೇಳಿದರು.

"ನಾನೇ ಮಾಡೀನ್ರಿ. ಕೈಲೆ."

ಅವರು ಕುರ್ಚಿಗೆ ಮರಳಿದರು. ಒಪ್ಪಿದ್ದೇವೆ ಎಂದು ಬರೆದು, ನಮ್ಮ ಸರ್ ಕಡೆ ಹಾಳೆ ಸರಿಸಿದರು.

ಪ್ರಮಾಣಪತ್ರ ಕೈಗೆ ಸಿಗಲು ಇನ್ನೂ ಬಹಳ ತಿಂಗಳು ಹಿಡಿಯಿತು. ತೆಗೆದುಕೊಳ್ಳಲು ಹೋಗುವಾಗ ಅವ್ವ ಒಂದು ದಿನದ ಕೆಲಸ ಬಿಟ್ಟು ಜೊತೆಗೆ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು, ಮದುವೆಗೆ ಹೋಗುವ ಹಾಗೆ. ಕಚೇರಿಯ ಕಿಟಕಿಯಲ್ಲಿ ಗುಮಾಸ್ತರು ನನ್ನ ಗುರುತಿನ ಚೀಟಿ ನೋಡಿ, "ಸಹಿ ಮಾಡ್ರಿ," ಎಂದು ಪ್ರಮಾಣಪತ್ರವನ್ನು ಹೊರಗೆ ಚಾಚಿದರು. ನಾನು ಸಹಿ ಮಾಡುತ್ತಿದ್ದೆ. ಕೈ ಚಾಚಿ ತೆಗೆದುಕೊಂಡವಳು ಅವ್ವ. ಎರಡೂ ಕೈಯಲ್ಲಿ ಹಿಡಿದು, ಹೆಸರು ಎಲ್ಲಿದೆ ಎಂದು ಕೇಳಿದಳು. ತೋರಿಸಿದೆ.

ಗೇಟಿನ ಹೊರಗೆ ಝೆರಾಕ್ಸ್ ಅಂಗಡಿಯವನು ಕರೆದ, "ಬರ್ರಿ ಅಮ್ಮಾರ, ಲ್ಯಾಮಿನೇಶನ್ ಮಾಡಿಕೊಡ್ತೀನಿ. ಕೈ ಹತ್ತಿ ಹೊಲಸ ಆಗಂಗಿಲ್ಲ ನೋಡ್ರಿ."

ನಾನು ಅತ್ತ ತಿರುಗಿದೆ. ಅವ್ವ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು.

"ಬ್ಯಾಡ. ಪ್ಲಾಸ್ಟಿಕ್ಕಿನಾಗ ಮುಚ್ಚಿಡಬ್ಯಾಡ," ಎಂದಳು. "ಓಣ್ಯಾಗ ಎಲ್ಲಾರೂ ಮುಟ್ಟಿ ನೋಡ್ಲಿ. ಹೊಲಸಾದ್ರ ಆಗ್ಲಿ."